ಉಣ್ಣದೇ ಉಳಿದ ತಾಟು

ಕಬ್ಬು ಕಡಿಯುವ ಗ್ಯಾಂಗಿನವರು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಚಳಿಗಾಲ. ಒಂದು ಸೋಮವಾರ, ದೀಪ ಹಚ್ಚುವ ಹೊತ್ತು. ಬಸಗೊಂಡಪ್ಪನ ಹೊಟ್ಟೆನೋವು ಶುರುವಾದದ್ದು ಆಗ. ಈಗ ಚಳಿ ಹೋಗಿ ಬನಹಟ್ಟಿಯ ತಗಡುಗಳು ಕಾಯತೊಡಗಿದ್ದವು. ಓಣಿಯಲ್ಲಿ ಹೋಳಿಯ ಹಲಗೆ ಬಡಿತ ಕೇಳಿಸುತ್ತಿತ್ತು. ಆ ಸೋಮವಾರ ಮಾತ್ರ ಇನ್ನೂ ಮುಗಿದಿರಲಿಲ್ಲ.

“ಏಳವ್ವಾ. ಚಪ್ಲಿ ಹಾಕ್ಕೋ,” ಎಂದರು ಫೌಜದಾರ ಅಪ್ಪಾಸಾಬರು.

ಅಂಜನಾ ಏಳಲಿಲ್ಲ. ಕರೆಂಟು ಹೋಗಿ ಶೆಡ್ಡಿನ ಮಗ್ಗಗಳೆಲ್ಲ ಸುಮ್ಮನೆ ನಿಂತಿದ್ದವು. ನೇಕಾರರು ಚಹಾಕ್ಕೆ ಹೋಗಿದ್ದರು. ಅವಳೊಬ್ಬಳೇ ಒಂದು ಮಗ್ಗದ ಮುಂದೆ ಕೂತು, ಹರಿದ ಎಳೆಗಳನ್ನು ಹುಡುಕಿ ಹುಡುಕಿ ಗಂಟು ಹಾಕುತ್ತಿದ್ದಳು.

“ಇನ್ನೂ ಎಳಿ ಅದಾವ್ರಿ ಸಾಹೇಬ್ರ. ಬಿಟ್ಟು ಎದ್ರ ಸೀರಿ ಕೆಡ್ತೈತಿ.”

“ಸೀರಿ ಕೆಟ್ರ ಇನ್ನೊಂದ ನೇಯಬಹುದು. ನನ್ನ ನೌಕರಿ ಕೆಟ್ರ?”

“ನಿಮ್ಮ ನೌಕರಿಗೆ ಎಳಿ ಕಟ್ಟಾಕ ನನಗ ಬರಂಗಿಲ್ಲ.”

ಜೊತೆಗೆ ಬಂದಿದ್ದ ಹೆಣ್ಣು ಪೊಲೀಸು ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೊರಗೆ ಹೋದಳು.

ಸೊಸೆ ಅಂಜನಾ ಬಡಿಸಿದ್ದನ್ನು ಉಂಡ ಬಸಗೊಂಡಪ್ಪ ಮರುದಿನ ಜಮಖಂಡಿಯ ದವಾಖಾನೆಯಲ್ಲಿ ಅಪೆಂಡಿಕ್ಸ್ ಕೊಯ್ಸಿಕೊಂಡು, ಮಂಪರಿನ ಹೊತ್ತು ಮುಗಿದ ಮೇಲೂ ತಾಸುಗಟ್ಟಲೆ ಉಸಿರೆಳೆಯದೆ ಬಿದ್ದಿದ್ದ. ಅವನ ರಕ್ತ ನೋಡಿದವರು ‘ಬೆಳೆಗೆ ಹೊಡೆಯುವ ಎಣ್ಣೆ ಒಳಗೆ ಹೋಗಿದೆ’ ಅಂದಿದ್ದರು. ಅಲ್ಲಿಂದ ಬೆರಳುಗಳೆಲ್ಲ ಸೊಸೆಯ ಕಡೆಗೆ ತಿರುಗಿದ್ದವು.

ನಾನು ಬಾಗಿಲ ಬಳಿ ನೂಲಿನ ಗಂಟಿನ ಮೇಲೆ ಕೂತಿದ್ದೆ. ಮೊನ್ನೆ ಬುಧವಾರ ರಾತ್ರಿಯ ಅಡ್ಡಮಳೆಗೆ ನೆನೆದದ್ದು, ಒಣಗಲು ಇಟ್ಟಿದ್ದರು. ನಾನು ಮಲಕಾಜಪ್ಪ. ಕೋರ್ಟಿನ ನೋಟೀಸು ಹೊತ್ತು ಮುಧೋಳ, ಬೀಳಗಿ, ರಬಕವಿ, ತೇರದಾಳ ಅಂತ ಮನೆಮನೆ ಬಾಗಿಲು ಬಡಿದೇ ಹಲ್ಲು ಉದುರಿಸಿಕೊಂಡವನು. ಓದು ಸಣ್ಣ ಸಾಲಿಯಲ್ಲೇ ನಿಂತಿತ್ತು. ಬಾಗಿಲು ತೆರೆದವರ ಮುಖ ಮಾತ್ರ ಮನಸ್ಸಿನಿಂದ ಹೋಗುತ್ತಿರಲಿಲ್ಲ. ‘ಕಾಕಾ, ನೀವಽ ಏನರ ಮಾಡ್ರಿ’ ಎಂದು ಅಂಜನಾ ಬಂದು ಕೂತ ದಿನದಿಂದ ಈ ಮನೆಯ ಸುತ್ತ ತಿರುಗುತ್ತಿದ್ದೆ.

“ಅಂಜನಾ, ಹಠಾ ಮಾಡಬ್ಯಾಡ,” ಎಂದ ಪ್ರೇಮಕುಮಾರ, ಮೆತ್ತಗೆ.

ಇವನು ಈ ಮನೆಯ ಅಳಿಯ. ಬಸಗೊಂಡಪ್ಪನ ಮಗಳು ಕಾವೇರಿಯ ಗಂಡ. ಬೀಳಗಿ ಕಡೆ ಒಬ್ಬ ಕಾಲುವೆ ಗುತ್ತಿಗೆದಾರನ ಹತ್ತಿರ ಗುಮಾಸ್ತ, ವಾಸ ಮಾತ್ರ ಮಾವನ ಮನೆಯಲ್ಲಿ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು.

“ಒಪ್ಕೊಂಡ ಬಿಡು. ವಕೀಲರನ್ನ ನಾನಽ ಹಚ್ಚತೇನಿ. ಮಗ್ಗದ ಚಿಂತಿ ಬಿಡು, ಯಾರರ ನೋಡ್ಕೊಂತಾರ.”

“ಯಾರು ಅಣ್ಣಾರ? ನೀವೇನು?”

“ನಮಗ್ಯಾಕ ಬೇಕವ್ವಾ? ಈ ಕೈಗೆ ಪೆನ್ನಿನ ಮಸಿ ಬಿಟ್ರ ಬ್ಯಾರೆ ಏನೂ ಹತ್ತಿಲ್ಲ. ಹೊಲದ ಮಣ್ಣ ಸೈತ ಮುಟ್ಟಿದಾಂವಲ್ಲ ನಾನು.”

“ಮಗ್ಗದ ಗ್ರೀಸ ಹತ್ತಿದ್ರ ಹೋಗಂಗಿಲ್ಲ ನೋಡ್ರಿ. ಜ್ವಾಕಿ.”

ಅವಳ ಗಂಡ ಅಮೋಲ ಎರಡು ವರ್ಷದ ಹಿಂದೆ ಲೋಕಾಪುರದ ಕ್ರಾಸಿನಲ್ಲಿ ಲಾರಿಗೆ ಸಿಕ್ಕು ಹೋಗಿದ್ದ. ಮಗ್ಗಗಳು ಅವಳ ಹೆಸರಿಗೆ ಬಂದಿದ್ದವು. ಬಿಟ್ಟುಕೊಡು ಅಂದವರಿಗೆಲ್ಲ ಅವಳು ಕೊಟ್ಟ ಉತ್ತರ ಮಗ್ಗ ನಡೆಸುವುದು. ಎರಡು ತಿಂಗಳಿಂದ ಅವಳಿಗೆ ಅಡಿಗೆಮನೆಯ ಹೊಸ್ತಿಲು ಇರಲಿಲ್ಲ. ಶೆಡ್ಡಿನ ಮೂಲೆಯಲ್ಲೇ ಒಲೆ ಹೂಡಿಕೊಂಡಿದ್ದಳು, ಅಲ್ಲೇ ಮಲಗುತ್ತಿದ್ದಳು. ತವರಿಗೆ ಹೋಗು ಅಂದವರಿಗೆ ‘ಇದಽ ನನ್ನ ಅವ್ವನ ತವರುಮನಿ, ಇನ್ನೆಲ್ಲಿ ಹೋಗ್ಲಿ’ ಅಂದಿದ್ದಳು. ಅದೂ ಖರೆಯೇ. ಬಸಗೊಂಡಪ್ಪನ ಅಕ್ಕ ಹೊಳೆವ್ವಳ ಮಗಳು ಇವಳು. ಸೋದರತ್ತೆಯ ಮಗಳನ್ನು ಅಮೋಲನಿಗೆ ತಂದುಕೊಂಡಿದ್ದರು.

ಅಪ್ಪಾಸಾಬರು ಟೊಪ್ಪಿಗೆ ತೆಗೆದು ನನ್ನ ಕಡೆ ತಿರುಗಿದರು.

“ಮಲಕಾಜಪ್ಪಾ, ನೀನೂ ಕಾಯ್ದೆದ ಕಟ್ಟೀ ಮ್ಯಾಲೆ ಕುಂತಾಂವ. ನೀನಽ ಹೇಳು. ಅವತ್ತ ಕಾವೇರವ್ವ ಊರಾಗ ಇರಲಿಲ್ಲ, ಮನ್ಯಾಗ ನಾಲ್ಕ ಮಂದಿ. ನಾಲ್ವರದೂ ರಕ್ತ ತಗಸೀನಿ. ರಕ್ತದಾಗ ಒಂದ ಸತ್ವ ಇರತೈತಿ. ಎಣ್ಣಿ ಹೊಕ್ರ ಅದು ಸಾಯ್ತೈತಿ. ಬಸಗೊಂಡಪ್ಪನೋರಾಗ ಅದು ಇಲ್ಲಂದ್ರ ಇಲ್ಲ.”

“ಹೌದ್ರಿ.”

“ಇಕಿ ರಕ್ತದಾಗೂ ಇಲ್ಲ. ತಾ ಅವತ್ತ ಉಂಡಽ ಇಲ್ಲ ಅಂತಾಳ. ಹಂಗಾರ ಮೈಯಾಗ ಹೆಂಗ ಹೋತು? ಕಲಿಸಿದ ಕೈಯಾಗಿಂದ. ಅಳಿಯಂದ್ರಾಗ ಅರ್ಧ. ಪಾಪ, ಎರಡ ತುತ್ತ ಉಂಡ ಎದ್ದಾರ. ತಾಯವ್ವಾರಾಗ ಪೂರ್ತಿ ಐತಿ. ಸೋಮವಾರದ ಉಪಾಸ, ಬಾಳಿಹಣ್ಣ ಬಿಟ್ಟ ಏನೂ ಮುಟ್ಟಿಲ್ಲ. ಮ್ಯಾಲೆ ಆ ನಾಯಿ. ಮಾವನ ಎಂಜಲ ತಾಟ ನೆಕ್ತು, ಬೆಳಗಾಗೂದ್ರಾಗ ಕಾಲ ಸೆಟದ ಬಿತ್ತು. ಇನ್ನೇನ ದೇವರು ಇಳದ ಬಂದ ಸಾಕ್ಷಿ ಹೇಳಬೇಕೇನು?”

ಕೇಳಿದರೆ ಸಾಲು ನೆಟ್ಟಗಿತ್ತು. ಉಂಡವರಲ್ಲಿ ವಿಷ, ಕಲಿಸಿದವಳಲ್ಲಿ ವಿಷ, ಮುಟ್ಟದವರಲ್ಲಿ ಇಲ್ಲ. ಆ ನೆಟ್ಟಗಿದ್ದದ್ದೇ ನನಗೆ ಮೊದಲಿನಿಂದ ಚುಚ್ಚುತ್ತಿತ್ತು. ಇಷ್ಟು ಬಾಗಿಲು ಬಡಿದಿದ್ದೇನೆ, ಒಳಗೆ ಎಲ್ಲವೂ ನೆಟ್ಟಗಿದ್ದ ಮನೆ ಒಂದೂ ಕಂಡಿಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು. ನಾನು ಕಾಯುತ್ತಿದ್ದುದು ಅದಕ್ಕೇ.

ಡಾಕ್ಟರ್ ಕೇತಕಿ ಒಳಗೆ ಬಂದರು. ಸಣ್ಣ ದೇಹ, ಜೋರು ನಡಿಗೆ. ಕೊಯ್ಯುವ ಮೊದಲು ಅರಿವಳಿಕೆ ಕೊಡುವ ಡಾಕ್ಟರು. ಆ ದಿನ ಬಸಗೊಂಡಪ್ಪನ ಉಸಿರಿನ ನಳಿಗೆಗೆ ರಬ್ಬರಿನ ಚೀಲ ಹಚ್ಚಿ, ಬಾರದ ಉಸಿರನ್ನು ಸಂಜೆಯವರೆಗೂ ತಮ್ಮ ಕೈಯಿಂದಲೇ ಒತ್ತಿ ಕೊಟ್ಟವರು ಇವರು.

“ಅಹೋ ಫೌಜದಾರ, ಸ್ವಲ್ಪ ತಡೀರಿ. ಎರಡನೇ ಸಲದ ರಿಪೋರ್ಟ್ ಬುಧವಾರ ಮುಂಜಾನೆ ನಿಮ್ಮ ಟೇಬಲ್ ಮ್ಯಾಲೆ ಇಟ್ಟು ಬಂದೀನಲ್ಲ? ಓದಲಿಲ್ಲೇನು?”

“ನಾ ಬಂದೋಬಸ್ತಿಗೆ ಹೋಗಿದ್ದೆ ಬಾಯಾರ. ನೋಡಿಲ್ಲ.”

“ಛಲೋ ಆತು. ಎಲ್ಲಾರೂ ಇದ್ದೀರಿ. ಬಾಯಲೇ ಹೇಳ್ತೀನಿ.”

ಬಸಗೊಂಡಪ್ಪ ಮನೆಯ ಕಡೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎರಡು ತಿಂಗಳಲ್ಲಿ ಗಡ್ಡ ಬಿಳಿಯಾಗಿತ್ತು. ಹಿಂದೆ ತಾಯವ್ವ, ಅವನ ಹೆಂಡತಿ, ತಲೆಮೇಲಿನ ಸೆರಗು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು.

“ಎರಡು ತಿಂಗಳಿಗೆ ನಿಮ್ಮ ನಾಲ್ವರ ರಕ್ತ ನಾನು ಮತ್ತ ತಗೊಂಡಿದ್ದೆ,” ಎಂದರು ಡಾಕ್ಟರು. “ಎಣ್ಣಿ ಹೊಕ್ಕು ಆ ಸತ್ವ ಸತ್ತಿದ್ದರ ಇಷ್ಟೊತ್ತಿಗೆ ಲಿವರ್ ಹೊಸಾದು ಮಾಡಿ ತುಂಬಿರಬೇಕಿತ್ತು. ಬಸಗೊಂಡಪ್ಪ ಅವರಾಗ ಅದು ಅವತ್ತೂ ಇಲ್ಲ, ಇವತ್ತೂ ಇಲ್ಲ. ಅಂಜನಾ ಒಳಗೂ ಹಂಗಽ.”

“ಮತ್ತ ಹಾಕಿರಬೇಕು!” ಪ್ರೇಮಕುಮಾರನ ಮೆತ್ತಗಿನ ದನಿ ಒಮ್ಮೆಲೇ ಏರಿತು.

“ಎಲ್ಲಿ ಹಾಕ್ಲಿ ಅಣ್ಣಾರ?” ಅಂಜನಾ ಎಳೆಯಿಂದ ಕಣ್ಣೆತ್ತಲಿಲ್ಲ. “ಮಾವ ಉಣ್ಣೂದು ಅತ್ತಿ ಕೈಯಾಗಿಂದು. ನಾ ಉಣ್ಣೂದು ನನ್ನ ಒಲಿದು. ನಿಮ್ಮ ಅಡಗಿಮನಿ ಗಾಳಿ ಸೈತ ನನಗ ಹತ್ತಿಲ್ಲ. ಬ್ಯಾಡ ಅಂದಾವ್ರು ನೀವಽ.”

“ಆ ಸತ್ವದ ಹೆಸರು ಕೋಲಿನೆಸ್ಟರೇಸ್,” ಎಂದರು ಡಾಕ್ಟರು. “ಅದನ್ನ ಹೆಂಗ ಕಟ್ಟಬೇಕು ಅಂತ ಲಿವರಿಗೆ ಹೇಳಿಕೊಡೂದು ಒಂದು ಜೀನ್. ಬಿ.ಸಿ.ಎಚ್.ಇ. ಅಂತಾರ. ನಿಮ್ಮೊಳಗೂ ಅದ, ನನ್ನೊಳಗೂ ಅದ. ಇವರಿಬ್ಬರದನ್ನ ಪುಣೆಕ್ಕ ಕಳಿಸಿ ನೋಡಿಸೀನಿ. ಇಬ್ಬರದೂ ಹುಟ್ಟಿನಿಂದಽ ಕೆಟ್ಟದ. ಇಬ್ಬರಾಗೂ ಅದಽ ಜಾಗಾ, ಅದಽ ತಪ್ಪು.”

“ಕೆಟ್ಟೈತಿ?” ಬಸಗೊಂಡಪ್ಪ ಕುರ್ಚಿಯ ಕೈ ಹಿಡಿದು ಎದ್ದ. “ನನ್ನ ರಕ್ತ ಕೆಟ್ಟೈತಿ ಅಂತೀರೇನ್ರಿ ಬಾಯಾರ? ಇಷ್ಟ ವಯಸ್ಸಾತು, ಒಂದ ಗುಳಿಗಿ ನುಂಗಿದಾಂವಲ್ಲ ನಾನು. ಹೊರಗಿನ ರಕ್ತ ಬರಬಾರದು ಅಂತಽ ಅಕ್ಕನ ಮಗಳನ್ನ ಮಗನಿಗೆ ತಂದೀನಿ. ನಮ್ಮಪ್ಪನೂ ಹಂಗಽ ಮಾಡ್ಯಾನ, ನಮ್ಮಜ್ಜನೂ ಹಂಗಽ!”

“ಅಲ್ಲೇ ಅದ ಮಾತು, ಕೂಡ್ರಿ.” ಡಾಕ್ಟರು ದನಿ ತಗ್ಗಿಸಿದರು. “ಆ ಜೀನಿಗೆ ಎರಡು ಪ್ರತಿ ಇರ್ತಾವ. ಅಪ್ಪಂದೊಂದು, ಅವ್ವಂದೊಂದು. ಒಂದು ಕೆಟ್ಟಿದ್ರೂ ಇನ್ನೊಂದು ಹೆಂಗೋ ನಡಸ್ತದ, ಗೊತ್ತಽ ಆಗಂಗಿಲ್ಲ. ಒಂದಽ ಮನಿತನದಾಗ ಕೊಟ್ಟು ತಂದ್ರ ಎರಡೂ ಕಡಿಯಿಂದ ಕೆಟ್ಟದ್ದಽ ಬಂದು ಕೂಡಬಹುದು. ಎಲ್ಲಾ ಸಲ ಅಲ್ಲ. ನಿಮ್ಮ ಮನ್ಯಾಗ ಕೂಡ್ಯದ.”

ಬಸಗೊಂಡಪ್ಪ ಕೂರಲಿಲ್ಲ. ಅವನ ಕಣ್ಣು ಅಂಜನಾ ಕೂತ ಮಗ್ಗದ ಮೇಲಕ್ಕೆ ಹೋಯಿತು. ಅಲ್ಲಿ ಸೀರೆಯ ಸೆರಗಿಗೆ ಹೂವು ಎತ್ತುವ ರಟ್ಟಿನ ಕಾರ್ಡುಗಳು ಒಂದಕ್ಕೊಂದು ಹೊಲಿದುಕೊಂಡು ಮಾಲೆಯಂತೆ ಜೋತಿದ್ದವು. ಮೈತುಂಬ ತೂತು. ಯಾವ ತೂತಿಗೆ ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವುದು ಆ ಕಾರ್ಡು.

“ಕಾರ್ಡಿನಾಗ ತೂತ ತಪ್ಪಿದಂಗ ಅನ್ರಿ,” ಎಂದ.

“ಹೂಂ. ಹಂಗಽ.”

“ತೂತ ತಪ್ಪಿದ ಕಾರ್ಡ ಏರಿಸಿದ್ರ ನೇಯ್ದ ಸೀರಿಯಾಗೆಲ್ಲ ಅದಽ ಹೂವಿಗೆ ಅದಽ ಎಸಳ ಬರಂಗಿಲ್ಲ. ಉಟ್ಟಾಕಿಗೆ ಗೊತ್ತಾಗಂಗಿಲ್ಲ, ಸೀರಿ ಬಾಳಿಕಿ ಬರತೈತಿ. ಗೊತ್ತಾದ ದಿನ ಮಾಲಕ ಬಂದ ನೇಕಾರನ್ನ ಹಿಡಕೊಂಡ ಬಡೀತಾನ.” ತನ್ನ ಮಾತು ತನಗೇ ಕೇಳಿಸಿತೇನೋ, ನಿಂತ. “ನೇಕಾರನ್ನ ಬಡದ್ರ ಏನ ಬಂತು?”

ಅಂಜನಾಳ ಬೆರಳು ಎಳೆಯ ಮೇಲೆ ನಿಂತಿತು.

“ನಾವು ಕೊಟ್ಟ ಮದ್ದು ಮೈಯ ಸ್ನಾಯು ಎಲ್ಲಾ ಕಟ್ಟಿ ಹಾಕ್ತದ, ಉಸಿರಿನವೂ,” ಡಾಕ್ಟರು ಮುಂದುವರಿಸಿದರು. “ಮಂದಿಗೆ ಆ ಸತ್ವ ಇರ್ತದಲ್ಲ, ಬಿಸಿ ಚಹಾ ಆರೂದ್ರಾಗ ಮದ್ದನ್ನ ಕತ್ತರಿಸಿ ಹಾಕಿ ಬಿಡ್ತದ. ನಿಮ್ಮೊಳಗ ಕತ್ತರಸಾವ್ರಽ ಇರಲಿಲ್ಲ. ಅದು ತಾನಾಗೇ ಸವಿಯೂತನಕ ಬಿದ್ದಿರಬೇಕಾತು. ಆ ಒಂದು ಸೂಜಿ ಚುಚ್ಚೂತನಕ ಇಂಥವರಿಗೆ ಯಾವ ಬ್ಯಾನಿನೂ ಇರಂಗಿಲ್ಲ.”

“ಮಿಷನ್ನು ಸುಳ್ಳ ಹೇಳತೈತೇನ್ರಿ ಹಂಗಾರ?” ಎಂದರು ಅಪ್ಪಾಸಾಬರು.

“ಮಿಷನ್ ‘ಇಲ್ಲ’ ಅಂತ ಹೇಳ್ತದ, ಅಷ್ಟಽ. ಕೊಂದಾರೋ, ಹುಟ್ಟೇ ಇಲ್ಲೋ, ಅದಕ್ಕ ಹೇಳ್ಲಿಕ್ಕೆ ಬರಂಗಿಲ್ಲ.”

“ಡಾಕ್ಟರಿಗೆ ತಮ್ಮ ಕೊಳ್ಳ ಉಳಿಸ್ಕೋಬೇಕಾಗೇತಿ,” ಎಂದು ನಕ್ಕ ಪ್ರೇಮಕುಮಾರ. “ಕಥಿ ಛಲೋ ಕಟ್ಯಾರ.”

ಕೇತಕಿ ಅವನ ಕಡೆಗೆ ನಡೆದೇ ಹೋದರು. ಅವರ ತಲೆ ಅವನ ಕಿಸೆಯ ಪೆನ್ನಿನ ಮಟ್ಟಕ್ಕೆ ಬರುತ್ತಿತ್ತು.

“ವಿಷ ಅಂದ್ರ ನನ್ನ ಕೊಳ್ಳ ಉಳೀತಿತ್ತು ಪ್ರೇಮಕುಮಾರ. ಸುಮ್ಮ ಕೂತಿದ್ರ ಸಾಕಿತ್ತು. ಜೀನ್ ಅಂದ ಮ್ಯಾಲೆ ಮಂದಿ ನನ್ನ ಕೇಳ್ತಾರ, ಮೊದಲಽ ಯಾಕ ವಿಚಾರಸಲಿಲ್ಲ ಅಂತ. ಕೇಳ್ಲಿ. ಉತ್ತರಾ ಕೊಡ್ತೀನಿ. ಆದ್ರ ಈ ಹುಡಿಗಿ ಹೆಗಲ ಮ್ಯಾಲೆ ಕೂತು ನಾ ಪಾರಾಗಂಗಿಲ್ಲ.” ಆಮೇಲೆ ಬಸಗೊಂಡಪ್ಪನಿಗೆ: “ಕ್ವಾಯಿಸೂ ಮೊದಲು ಕೇಳಿದ್ದೆ ನಿಮಗ. ಮನಿತನದಾಗ ಹಿಂದ ಯಾರಿಗರ ಹಿಂಗ ಆಗಿತ್ತೇನು ಅಂತ. ಇಲ್ಲ ಅಂದ್ರಿ.”

“ಇಲ್ಲಽ ಇಲ್ಲ.”

ಈಗ ನನ್ನ ಸರದಿ ಅನಿಸಿತು. ಎದ್ದು ನಿಂತೆ, ಮೊಣಕಾಲು ಲಟಕ್ ಅಂದಿತು.

“ಐತಿ ಬಸಗೊಂಡಪ್ಪಾ. ಹೊಳೆವ್ವ.”

ಅವನು ನನ್ನನ್ನು ದುರುಗುಟ್ಟಿ ನೋಡಿದ.

“ನಿಮ್ಮಕ್ಕನ ಗಂಡಗ ಹೊಲದ ದಾವಾದ್ದು ನೋಟೀಸ ಕೊಡಬೇಕಾಗಿತ್ತು. ಮನ್ಯಾಗ ಸಿಗಲಿಲ್ಲ. ಹೆರಿಗಿಗೆ ದವಾಖಾನಿಗೆ ಹೋಗ್ಯಾರ ಅಂದ್ರು, ಅಲ್ಲಿಗಽ ಹ್ವಾದೆ. ಆತ ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದ. ಹೊಟ್ಟಿ ಕೊಯ್ದ ಕೂಸ ತಗದಿದ್ರು. ಆ ಕೂಸಽ ಈ ಅಂಜನಾ. ತಾಯಿಗೆ ಉಸಿರ ತಿರುಗಲಿಲ್ಲ. ಅವತ್ತ ಆತ ನನಗ ಒಂದ ಮಾತ ಅಂದ. ‘ಮಲಕಾಜಪ್ಪಾ, ಕೈ ಕಾಲ ಮರ ಆಗಿದ್ವು, ಎದಿ ಏಳಲಿಲ್ಲ, ಆದ್ರ ಕಣ್ಣಾಗ ನೀರ ಬರಾಕತ್ತಿದ್ವು. ಜೀವ ಒಳಗಽ ಇತ್ತು.’ ಮಂದಿ ದೆವ್ವ ಅಂದ್ರು. ನಾನೂ ಹಂಗಽ ತಿಳದಿದ್ದೆ.”

ಬಸಗೊಂಡಪ್ಪ ಕುರ್ಚಿಯಲ್ಲಿ ಕುಸಿದು ಕೂತ.

“ನನಗೂ ಎಲ್ಲಾ ಕೇಳಸ್ತಿತ್ತು,” ಎಂದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ತಾಯವ್ವಳ ಬಾಯಿಂದ ಸೆರಗು ಬಿದ್ದುಬಿಟ್ಟಿತು. “ಕ್ವಾಯಿಸಿದ ಮ್ಯಾಲೆ ಬಾಯಾರು ‘ಬಸಗೊಂಡಪ್ಪ, ಉಸಿರು ತಗೋರಿ’ ಅನ್ನೂದ ಕೇಳಸ್ತಿತ್ತು. ತಗೋಬೇಕಂದ್ರ ಎದಿ ನಂದಲ್ಲ. ಬೆರಳ ಎತ್ತಬೇಕಂದ್ರ ಬೆರಳ ನಂದಲ್ಲ. ಕಣ್ಣೀರ ಒಂದಽ ನಂದಿದ್ದು. ಯಾರೋ ಒರಸಿದ್ರು.”

“ನಾನಽ ಒರಸಿದ್ದು,” ಎಂದರು ಡಾಕ್ಟರು. “ನೋಡಿದ ಕೂಡ್ಲೇ ಮತ್ತ ನಿದ್ದಿ ಮದ್ದು ಕೊಟ್ಟೆ.”

ಅಂಜನಾ ಆಗ ಎದ್ದಳು. ಸೆರಗಿನ ಮೇಲಿನ ನೂಲಿನ ಧೂಳು ಕೊಡವಿಕೊಂಡು ಮಾವನ ಎದುರು ಬಂದು ನಿಂತಳು.

“ಹುಟ್ಟಿದಾಗ ಅವ್ವನ್ನ ನುಂಗಿದಾಕಿ ಅಂದ್ರಿ. ಅವರು ಹೋದಾಗ ಗಂಡನ್ನ ನುಂಗಿದಾಕಿ ಅಂದ್ರಿ. ಈಗ ಮಾವಗ ಎಣ್ಣಿ ಹಾಕಿದಾಕಿ. ನನ್ನ ಹೊಟ್ಟಿ ಎಷ್ಟ ದೊಡ್ಡದೈತಿ ಅಂತ ತಿಳದೀರಿ ಮಾವ?”

“ಯವ್ವಾ...”

“ತಪ್ಪಾತು ಅನ್ನಬ್ಯಾಡ್ರಿ. ಕೇಳಾಕ ನಾ ತಯಾರಿಲ್ಲ ಇವತ್ತ. ಸಾಹೇಬ್ರಿಗೆ ಹೇಳ್ರಿ, ನಾ ಎಲ್ಲೂ ಹೋಗಂಗಿಲ್ಲ ಅಂತ. ಅದಷ್ಟ ಹೇಳ್ರಿ ಸಾಕು.”

ಬಸಗೊಂಡಪ್ಪ ಫೌಜದಾರರ ಕಡೆ ತಿರುಗಿದ. ದನಿ ಗಟ್ಟಿ ಇರಲಿಲ್ಲ. ಆದರೂ ಹೇಳಿದ.

“ಆಕಿ ಎಲ್ಲೂ ಬರಂಗಿಲ್ಲ.”

ಅಪ್ಪಾಸಾಬರು ಟೊಪ್ಪಿಗೆ ಹಾಕಿಕೊಂಡರು, ಮತ್ತೆ ತೆಗೆದರು. ಪ್ರೇಮಕುಮಾರ ಗಡಿಯಾರ ನೋಡಿಕೊಂಡು, “ಛಲೋ ಆತು ಬಿಡ್ರಿ, ಮನಿ ಮಾತು ಮನ್ಯಾಗ ಮುಗೀತು. ನನಗ ಬೀಳಗಿಗೆ ಹೋಗೂದೈತಿ,” ಅಂದ.

“ಒಂದ ನಿಮಿಷ ಅಳಿಯಂದ್ರ,” ಎಂದೆ. “ಡಾಕ್ಟರಽ, ನಾಲ್ಕ ಮಂದಿ ರಕ್ತ ಅಂದ್ರಿ. ಇಬ್ಬರದು ಹೇಳಿದ್ರಿ. ಉಳದವರದು?”

“ತಾಯವ್ವಂದು ಆಗೂ ಪೂರ್ತಿ, ಈಗೂ ಪೂರ್ತಿ.” ಕೇತಕಿ ಅಳಿಯನ ಕಡೆ ತಿರುಗಿದರು. “ಪ್ರೇಮಕುಮಾರಂದು ಆಗ ಅರ್ಧ ಇತ್ತು. ಈಗ ಪೂರ್ತಿ ತುಂಬ್ಯದ.”

ಹೇಳಿದ್ದು ಇಷ್ಟೇ.

“ಮಾವನ ಮೈಯಾಗ ಎಣ್ಣಿ ಹೋಗೇ ಇಲ್ಲ ಅಂತ ಈಗ ಆತು,” ಎಂದೆ ನಾನು. “ಅಂದ್ರ ಆ ದಿನದ ಅಡಗಿ ಶುದ್ಧ ಇತ್ತು. ಅದಽ ಅಡಗಿ ನೀವು ಉಂಡದ್ದು ಎರಡ ತುತ್ತು. ಮತ್ತ ನಿಮ್ಮ ಮೈಯಾಗ ಎಣ್ಣಿ ಎಲ್ಲಿಂದ ಬಂತು?”

“ಅದು... ಕಬ್ಬಿಗೆ ಹೊಡಿಯೂ ಮುಂದ ಗಾಳಿಗೆ—”

“ಹೊಲದ ಮಣ್ಣ ಸೈತ ಮುಟ್ಟಿಲ್ಲ ಅಂದ್ರಿ, ಈಗಷ್ಟ.”

“ಗಾಳಿಗೆ ಹಾದ್ಯಾಗ ಹೋಗಾವಂದು ಅರ್ಧ ಸಾಯಂಗಿಲ್ಲ,” ಎಂದರು ಡಾಕ್ಟರು. “ಗಟ್ಟಿ ಎಣ್ಣಿ ಬರಿಗೈಲೆ ಹಿಡದವರಿಗೆ ಆಗ್ತದ ಹಂಗ.”

ಪ್ರೇಮಕುಮಾರ ಕೈ ಹಿಂದೆ ಕಟ್ಟಿಕೊಂಡ. ಯಾಕೆ ಕಟ್ಟಿಕೊಂಡನೋ ಅವನಿಗೇ ಗೊತ್ತಿದ್ದಂತಿರಲಿಲ್ಲ.

“ಹಂಗಾರ ನಾಯಿ?” ಎಂದರು ಅಪ್ಪಾಸಾಬರು ಮೆಲ್ಲಗೆ. “ಅಡಗಿ ಶುದ್ಧ ಇತ್ತಂದ್ರ ನಾಯಿ ಯಾಕ ಸತ್ತಿತು?”

ಆ ನಾಯಿ ಮಿಂಚ. ತಿಮ್ಮಾಪುರದಿಂದ ಅಮೋಲ ಮರಿ ಇದ್ದಾಗ ತಂದಿದ್ದ ಮುಧೋಳ ನಾಯಿ. ಅಮೋಲ ಹೋದ ಮೇಲೆ ಅಂಜನಾಳ ಕಾಲಿಗೇ ಅಂಟಿಕೊಂಡಿರುತ್ತಿತ್ತು. ಸತ್ತ ಮರುದಿನ ಶೆಡ್ಡಿನ ಹಿಂದೆ ಬೇವಿನ ಬುಡದಲ್ಲಿ ಅದನ್ನು ಹುಗಿದು, ಗುರುತಿಗೆ ಅಮೋಲನ ಮಗ್ಗದ ಹಳೆಯ ಲಾಳಿಯೊಂದನ್ನು ನೆಟ್ಟಿದ್ದಳು.

“ಮಾವನ ಎಂಜಲ ತಾಟ ನೆಕ್ಕಿತು ಅಂತ ಬರಸಿದಾವ್ರು ಯಾರ್ರಿ?” ಎಂದೆ.

“ಅಳಿಯಂದ್ರು,” ಎಂದರು ಫೌಜದಾರರು.

ತಾಯವ್ವ ಎಲ್ಲರಿಗಿಂತ ಹಿಂದೆ ನಿಂತವಳು. ಗಂಡಸರು ಕೂತಲ್ಲಿ ಬಾಯಿ ಬಿಟ್ಟವಳಲ್ಲ. ಈಗ ಗಂಡನ ಕುರ್ಚಿಯನ್ನು ದಾಟಿ ಮುಂದೆ ಬಂದಳು.

“ಇವರ ತಾಟು ನಾಯಿಗೆ?” ಎಂದಳು. “ಅದ್ಹೆಂಗ ಆಗತೈತಿ? ನಾ ಉಣ್ಣೂದಽ ಇವರು ಉಂಡ ತಾಟಿನಾಗ. ಸೋಮವಾರ ಉಪಾಸ ಇದ್ರ ಒಂದ ಅಗಳ ಬಾಯಾಗ ಹಾಕ್ಕೊಂಡು, ತಾಟ ತೊಳದು ಗ್ವಾಡಿ ಮಾಡದಾಗ ಡಬ್ಬ ಹಾಕತೇನಿ. ಬ್ಯಾರೆದಾವ್ರ ಉಣ್ಣಬಾರದಂತ. ನಮ್ಮ ಅತ್ತಿ ಹಾಕಿದ ಪದ್ಧತಿ. ಅವತ್ತೂ ಹಂಗಽ ಮಾಡೀನಿ. ಅದರಾಗ ನಾಯಿ ಹೆಂಗ ಬಾಯಿ ಹಾಕತೈತಿ?”

“ಇಷ್ಟ ದಿನಾ ಯಾಕ ಹೇಳಲಿಲ್ಲವ್ವಾ?” ಅಪ್ಪಾಸಾಬರ ದನಿ ಕೀರಲಾಯಿತು.

“ಕೇಳಿದ್ರೇನು ಯಾರರ? ರಕ್ತ ತಗೊಂಡ್ರಿ, ಹೋದ್ರಿ. ಮಾತ ಯಾರ ತಗೊಂಡ್ರಿ?”

“ಹಂಗಾರ ಹಿಂದಿನ ಬಾಗಲದಾಗ ನಾಯಿ ನೆಕ್ಕಿದ ತಾಟ ಬಿದ್ದಿತ್ತಲ್ಲ, ಅದು ಯಾರದು ತಾಯವ್ವಾ?” ಎಂದು ನಾನು ಕೇಳಿದೆ.

“ಅಂಚ ನೆಗ್ಗಿದ್ದು. ಅಂಜನಾಂದು.”

ಅಂಜನಾ ಅತ್ತೆಯ ಕಡೆ ತಿರುಗಿದಳು.

“ನಾ ಬಡಿಸ್ಕೊಂಡಿದ್ದಿಲ್ಲ ಅತ್ತಿ. ಮಾವ ಹೊಟ್ಟಿ ಹಿಡಕೊಂಡ ಚೀರಿದ್ರು, ಓಡಿ ಹ್ವಾದೆ. ತಿರುಗಿ ಬಂದ್ರ ತಾಟ ಬಡಿಸಿ ಮುಚ್ಚಿಟ್ಟಿತ್ತು. ನೀವಽ ಬಡಿಸೀರಿ ಅಂತ ತಿಳದೆ. ಉಣ್ಣಾಕ ಮನಸ ಆಗಲಿಲ್ಲ, ಮಿಂಚಗ ಹಾಕಿದೆ. ಮಾವನ ತಾಟೂ ನೆಕ್ಕಿತ್ತು ಅಂದ್ರು, ಅದರಿಂದಽ ಸತ್ತಿತು ಅಂತ ತಿಳದಿದ್ದೆ.”

“ನಾ ಎಲ್ಲಿ ಬಡಿಸ್ಲಿ? ನಾ ಇವರ ಬೆನ್ನ ತಿಕ್ಕಾಕತ್ತಿದ್ದೆ.” ತಾಯವ್ವ ನೆನಪನ್ನು ನೂಲಿನಂತೆ ಎಳೆಯುತ್ತಿದ್ದಳು. “ಅಡಗಿಮನ್ಯಾಗ ಇದ್ದಾವ್ರು... ನೀರ ಕುಡೀತೇನಿ ಅಂತ ಹೋಗಿದ್ರು. ಗಂಡಸರು ತಾವಾಗಿ ನೀರ ತಗೊಂಡ ಕುಡಿಯೂದು ನಮ್ಮನ್ಯಾಗ ಇಲ್ಲ. ಹೊಸಾದ ನೋಡಪ ಅಂತ ಅನಕೊಂಡಿದ್ದೆ.”

ಅವಳು ಹೆಸರು ಹೇಳಲಿಲ್ಲ. ಅಳಿಯನ ಹೆಸರನ್ನು ಅವಳು ಎಂದೂ ಹಿಡಿದವಳಲ್ಲ. ಸುಮ್ಮನೆ ಅವನ ಕಡೆ ನೋಡಿದಳು.

“ಆ ಸತ್ವ ಇದ್ದವರ ಮೈಯಾಗ ಎಣ್ಣಿ ಹೊಕ್ರ ಮೊದಲು ಅದಽ ಅಡ್ಡ ನಿಂತು ಸ್ವಲ್ಪರ ಹಿಡೀತದ,” ಎಂದರು ಕೇತಕಿ. ದನಿ ತಣ್ಣಗಿತ್ತು. “ಈಕಿಗೆ ಆ ಕಾವಲುಗಾರನೂ ಇಲ್ಲ. ಆ ತಾಟು ಅಂಜನಾ ಉಂಡಿದ್ದರ, ನಾ ಚೀಲ ಒತ್ತಿ ಉಳಸಲಿಕ್ಕೆ ಆಗ್ತಿರಲಿಲ್ಲ.”

“ಬಡಿಸಿದಾವ್ರು ಯಾರು ಅಣ್ಣಾರ?” ಎಂದಳು ಅಂಜನಾ.

ಪ್ರೇಮಕುಮಾರ ಬಾಯಿ ತೆರೆದ.

ಅದೇ ಹೊತ್ತಿಗೆ ಕರೆಂಟು ಬಂತು.

ನೇಕಾರರು ಸ್ವಿಚ್ಚು ಆರಿಸದೆ ಹೋಗಿದ್ದ ಮಗ್ಗಗಳೆಲ್ಲ ಒಮ್ಮೆಲೇ ಹೊಡೆದುಕೊಳ್ಳತೊಡಗಿದವು. ಖಟಾಖಟ್, ಖಟಾಖಟ್. ನೆಲ ನಡುಗಿತು, ತಗಡು ನಡುಗಿತು. ಫೌಜದಾರರು ಏನೋ ಕೂಗಿದರು, ತುಟಿ ಮಾತ್ರ ಕಂಡಿತು. ಎಳೆ ಕಟ್ಟದೆ ಉಳಿದ ಮಗ್ಗವೂ ನಡೆದುಬಿಟ್ಟಿತ್ತು. ಅಂಜನಾ ಅದರ ಹಿಡಿಕೆ ಎಳೆಯಲು ಓಡಿದಳು, ಅವಳ ಹಿಂದೆ ನಾನು. ಒಂದೊಂದಾಗಿ ಮಗ್ಗ ನಿಲ್ಲಿಸಿ ಕಿವಿ ಮರಳಿ ಬರುವಷ್ಟರಲ್ಲಿ ಪ್ರೇಮಕುಮಾರ ನಿಂತಿದ್ದ ಜಾಗದಲ್ಲಿ ಒಂದು ಪೆನ್ನು ಬಿದ್ದಿತ್ತು. ಓಣಿಯ ಕೊನೆಯಲ್ಲಿ ಮೋಟರ್ ಸೈಕಲ್ಲಿನ ಧೂಳು ಏಳುತ್ತಿತ್ತು.

“ಹಿಡೀರಿ! ವೈರ್ಲೆಸ್ ಹಚ್ಚರಿ!” ಎಂದರು ಡಾಕ್ಟರು.

“ಹಚ್ಚೂಣು, ಹಚ್ಚೂಣು,” ಎಂದರು ಅಪ್ಪಾಸಾಬರು. ಕಾಲು ಮಾತ್ರ ಎತ್ತಲಿಲ್ಲ. “ಓಡಿದ್ರ ಗುನ್ನೆ ಆದಂಗಲ್ರಿ. ಸಾಕ್ಷಿ ಬೇಕು.”

“ಸಾಕ್ಷಿ ಬೇವಿನ ಬುಡಕ್ಕ ಐತಿ,” ಎಂದಳು ಅಂಜನಾ. ಮೂಲೆಯ ಸಲಿಕೆ ಹೆಗಲಿಗೇರಿಸಿದಳು. “ಎರಡ ತಿಂಗಳಾತು. ಎಲುಬು ಅದಾವು, ಚರ್ಮ ಐತಿ. ಬಾಯಾರ, ನಾಯಿ ಎಲುಬಿನಾಗ ಎಣ್ಣಿ ಸಿಗತೈತೇನು?”

“ಸಿಗಬಹುದು. ಹುಡುಕಾವ್ರು ಅದಾರ.”

ಎಲ್ಲರೂ ಹಿತ್ತಿಲಿಗೆ ಹೋದೆವು. ಬಸಗೊಂಡಪ್ಪನೂ ತಾಯವ್ವಳ ಹೆಗಲು ಹಿಡಿದು ಬಂದ. ಶೆಡ್ಡಿನ ಹಿಂದಿನ ಆ ಮೂಲೆಗೆ ಹೊರಗಿನ ಓಣಿಯಿಂದಲೂ ದಾರಿ ಇತ್ತು. ಬಾಗಿಲಿಗೆ ಬರಿ ಮುಳ್ಳುಕಂಟಿ.

ಲಾಳಿ ಒಂದು ಕಡೆ ಬಿದ್ದಿತ್ತು. ಕುಣಿ ತೆರೆದಿತ್ತು. ಒಳಗೆ ಏನೂ ಇರಲಿಲ್ಲ, ಒಂದು ಎಲುಬಿನ ಚೂರೂ ಇಲ್ಲ.

ಅಂಜನಾ ಸಲಿಕೆ ಇಳಿಸಿದಳು. ಬಿದ್ದ ಲಾಳಿ ಎತ್ತಿ ಸೆರಗಿನಿಂದ ಮಣ್ಣು ಒರೆಸಿದಳು.

“ಈಗ ತಗದ ಒಯ್ದಾನ ಹಲಕಟ್ಟ!” ಎಂದ ಬಸಗೊಂಡಪ್ಪ.

“ಈಗಲ್ಲ,” ಎಂದೆ.

ಕುಣಿಯ ಪಕ್ಕದ ಮಣ್ಣಿನ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅಗೆದು ಹಾಕಿದ ಮಣ್ಣು ಮೇಲೆಲ್ಲ ಹೆಪ್ಪುಗಟ್ಟಿ ಒಣಗಿತ್ತು. ಆ ಹೆಪ್ಪಿನ ತುಂಬ ಮಳೆಹನಿ ಬಿದ್ದ ಸಣ್ಣ ಸಣ್ಣ ಗುಳಿಗಳು, ಸಿಡುಬಿನ ಕಲೆಯಂತೆ. ಆ ತಿಂಗಳಲ್ಲಿ ಮಳೆ ಬಿದ್ದದ್ದು ಒಂದೇ ಸಲ, ಬುಧವಾರ ರಾತ್ರಿ. ನಾನು ಕೂತಿದ್ದ ನೂಲಿನ ಗಂಟು ನೆನೆದದ್ದೂ ಆಗಲೇ.

“ಮಂಗಳವಾರ ಸಂಜಿಕ ನಾ ಇಲ್ಲಿ ನೀರ ಹಾಕಿ ಹೋಗೀನಿ ಕಾಕಾ,” ಎಂದಳು ಅಂಜನಾ. “ಲಾಳಿ ನೆಟ್ಟಗಽ ಇತ್ತು.”

ಅಂದರೆ ಅಗೆದದ್ದು ಬುಧವಾರ, ಮಳೆಗೆ ಮೊದಲು. ಮಾವನ ರಕ್ತದಲ್ಲಿ ವಿಷವಿರಲಿಲ್ಲ, ಅಳಿಯನ ರಕ್ತ ಮತ್ತೆ ತುಂಬಿದೆ, ಇನ್ನು ನಾಯಿಯ ಎಲುಬಿಗೆ ಬೆಲೆ ಬಂತು. ಇದು ಗೊತ್ತಿದ್ದವರಿಗೆ ಮಾತ್ರ ಬುಧವಾರ ಈ ಕುಣಿ ಬೇಕಾಗಿತ್ತು. ಡಾಕ್ಟರು ಆ ಕಾಗದವನ್ನು ಬುಧವಾರ ಮುಂಜಾನೆ ಒಂದೇ ಒಂದು ಟೇಬಲ್ಲಿನ ಮೇಲೆ ಇಟ್ಟು ಬಂದಿದ್ದರು.

ನಾನು ತಲೆ ಎತ್ತಿ ಫೌಜದಾರರ ಕಡೆ ನೋಡಿದೆ. ಕೇತಕಿಯೂ ಅಲ್ಲಿಗೇ ನೋಡುತ್ತಿದ್ದರು.

ಅಪ್ಪಾಸಾಬರು ಹಣೆ ಒರೆಸಿಕೊಂಡು, ಬೂಟುಗಾಲಿನಿಂದ ಆ ಮಣ್ಣಿನ ಗುಡ್ಡೆಯನ್ನು ಕುಣಿಗೆ ತಳ್ಳಲು ಬಂದರು. “ಯಾರರ ಬಿದ್ದ ಕಾಲ ಮುರಕೊಂಡಾರು. ಮುಚ್ಚಿ ಬಿಡೂಣು.”

ಅಂಜನಾ ಸಲಿಕೆಯನ್ನು ಅವರ ಬೂಟಿನ ಮುಂದೆ ನೆಲಕ್ಕೆ ನೆಟ್ಟಳು.

“ಕಾಲ ಹಿಂದ ತಗೋರಿ ಸಾಹೇಬ್ರ. ಈ ಮಣ್ಣ ನಂದು. ಇದರ ಮ್ಯಾಲೆ ಬಿದ್ದ ಮಳಿ ಗುರ್ತ ಅಳಿಸಬೇಕಂದ್ರ ನನ್ನ ದಾಟಿ ಹೋಗಬೇಕು.”

ಅವರು ಕಾಲು ಹಿಂದೆ ತೆಗೆದುಕೊಂಡರು. ಬೂಟಿನ ಅಂಚಿನಲ್ಲಿ, ಹೊಲಿಗೆಯ ಸಂದಿಯಲ್ಲಿ, ಒಣಗಿದ ಕೆಂಪು ಮಣ್ಣಿತ್ತು. ಬನಹಟ್ಟಿಯ ಓಣಿಗಳೆಲ್ಲ ಕರಿಮಣ್ಣು. ಬೇವಿನ ಬುಡಕ್ಕೆ ಕೆಂಪು ಮಣ್ಣು ತರಿಸಿ ಹಾಕಿದವನು ಅಮೋಲ.

ಪ್ರೇಮಕುಮಾರ ಹೋದದ್ದು ಶುಕ್ರವಾರ, ಮಗ್ಗದ ಸದ್ದಿನಲ್ಲಿ. ಮಿಂಚ ಕುಣಿಯಿಂದ ಹೋದದ್ದು ಬುಧವಾರ, ಮಳೆ ಬೀಳುವ ಮೊದಲು. ಅದು ಮಾತ್ರ ತನ್ನ ಕಾಲ ಮೇಲೆ ಹೋಗಿರಲಿಲ್ಲ.